ನಾಲ್ಕನೆಯ ರಾಜಿ

ನಮ್ಮ ಬಡಾವಣೆ ಹ್ಯಾರಿಸ್‌ಡೇಲ್‌ನಲ್ಲಿ ಕನಕಳ ಸಂಸಾರ ನಡೆಯುತ್ತಿದ್ದುದು ಗಂಡನ ಪಾಳಿಯ ಪ್ರಕಾರ. ಭೂವಿಜ್ಞಾನಿ ಪ್ರವೀಣ ಎರಡು ವಾರ ಗಣಿಯಲ್ಲಿದ್ದು ಒಂದು ವಾರ ಮನೆಗೆ ಬರುತ್ತಿದ್ದ. ಅವನಿಲ್ಲದಾಗ ಕನಕ, ಒಂಬತ್ತು ವರ್ಷದ ಮಗಳು ಪೂರ್ವಿ ಟೀವಿ ಮುಂದೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಅವನಿದ್ದ ವಾರ ಚಮಚದ ಸದ್ದೂ ಆಗದಂತೆ ನೋಡಿಕೊಳ್ಳುತ್ತಿದ್ದರು.

ಅವನು ಕನಕಳಿಗೆ ಹೊಡೆಯುತ್ತಿದ್ದುದು ಇಲ್ಲಿನ ನಮ್ಮ ಕನ್ನಡದವರಿಗೆಲ್ಲ ಗೊತ್ತಿತ್ತು. ಆದರೆ ಮನೆಯ ಮಾತು ಹೊರಗೆ ಹೋಗಬಾರದೆಂಬುದು ಕಡಲು ದಾಟಿ ಬಂದರೂ ನಾವು ಬಿಡದ ಪದ್ಧತಿ. ಹಿರಿಯರಾದ ಶಿವರುದ್ರಪ್ಪನವರು ಮೂರು ಸಲ ಎಲ್ಲರನ್ನೂ ಕೂರಿಸಿ ರಾಜಿ ಮಾಡಿಸಿದ್ದರು. ಡಾಕ್ಟರೆಂಬ ಗೌರವಕ್ಕೆ ನನ್ನನ್ನೂ ಕರೆಯುತ್ತಿದ್ದರು. ಮೂರು ಸಲವೂ ಕಾಫಿ ಕುಡಿದು ಸುಮ್ಮನೆ ಎದ್ದುಬಂದವಳು ನಾನು.

ಮೂರನೆಯ ರಾಜಿಯಾಗಿ ತಿಂಗಳೊಳಗೆ ಕನಕ ಮುರಿದ ಮಣಿಕಟ್ಟು ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದಳು. ಅಳುವುದಕ್ಕೂ ತ್ರಾಣವಿರಲಿಲ್ಲ. ಪೊಲೀಸರಿಗೆ, ವಕೀಲರಿಗೆ, ಕಚೇರಿ ಕಚೇರಿಗೂ ಮೊದಲಿನಿಂದ ಹೇಳಬೇಕಲ್ಲ ಎಂದೇ ಅವಳು ಕೋರ್ಟಿನ ಯೋಚನೆ ಬಿಟ್ಟಿದ್ದಳು. ನಮ್ಮ ಭಾಗದಲ್ಲಿ ಪೊಲೀಸರು, ಶಾಲೆ, ಕ್ಲಿನಿಕ್, ಕೌಟುಂಬಿಕ ನ್ಯಾಯಾಲಯದ ಸಿಬ್ಬಂದಿ ತಿಂಗಳಿಗೊಮ್ಮೆ ಒಟ್ಟಿಗೆ ಕೂರುವ ಸಮಿತಿಯೊಂದಿದೆ. ಅಲ್ಲಿ ಒಂದು ಸಲ ಹೇಳಿದರೆ ಸಾಕೆಂದು ಅವಳ ಒಪ್ಪಿಗೆ ಪಡೆದು ವಿಷಯವನ್ನು ಅವರ ಮುಂದಿಟ್ಟೆ.

ಅಪ್ಪ ಬರುವ ವಾರ ಪೂರ್ವಿ ಶಾಲೆಯಿಂದ ಮನೆಗೆ ಹೊರಡಲು ಒಪ್ಪುತ್ತಿರಲಿಲ್ಲವೆಂದು ಅಲ್ಲಿ ತಿಳಿಯಿತು. ಪಕ್ಕದ ಮನೆಯವರು ಎರಡು ಸಲ ಪೊಲೀಸರನ್ನು ಕರೆಸಿದ್ದರು. ಕನಕಳ ಕನ್ನಡವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದವನು ಪ್ರವೀಣನೇ. ಒಬ್ಬೊಬ್ಬರಿಗೆ ಒಂದೊಂದು ಚೂರು ಗೊತ್ತಿತ್ತು, ಪೂರ್ತಿ ಯಾರಿಗೂ ಗೊತ್ತಿರಲಿಲ್ಲ. ದುಭಾಷಿ ಸಿಕ್ಕರು, ವಕೀಲರು ಸಿಕ್ಕರು, ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹೋಗಿ ವಿಚಾರಣೆಯ ದಿನ ನಿಗದಿಯಾಯಿತು.

ಅದರ ಹಿಂದಿನ ದಿನ ಶಿವರುದ್ರಪ್ಪನವರು ನಮ್ಮನ್ನೆಲ್ಲ ನಾಲ್ಕನೆಯ ರಾಜಿಗೆ ಕರೆದರು. ಮಗುವಿನ ಮುಂದಿನ ಬಾಳು, ಊರಿನಲ್ಲಿ ಅಪ್ಪ ಅಮ್ಮನ ಮರ್ಯಾದೆ, ಎಲ್ಲ ನೆನಪಿಸಿ, "ಕೋರ್ಟು ಕಚೇರಿ ನಮ್ಮಂಥೋರಿಗಲ್ಲಮ್ಮ. ಇದೊಂದ್ಸಲ ಅಡ್ಜಸ್ಟ್ ಮಾಡ್ಕೊ," ಎಂದರು.

ಕನಕ ಕಾಫಿ ಲೋಟವನ್ನು ಪಕ್ಕಕ್ಕಿಟ್ಟಳು.

"ಅಂಕಲ್, ಮೂರು ಸಲಾನೂ ಅಡ್ಜಸ್ಟ್ ಮಾಡ್ಕೋತೀಯಾ ಅಂತಾನೇ ಕೇಳಿದ್ರಿ. ಏನಾಯ್ತಮ್ಮ ಅಂತ ಒಬ್ರೂ ಕೇಳ್ಲಿಲ್ಲ. ಗುರುತು ಪರಿಚಯ ಇಲ್ದೋರು ಮೊದಲು ಕೇಳಿದ್ದೇ ಅದು. ನಾಳೆ ನಾನು ಹೋಗ್ತೀನಿ."

ಹೋದಳು. ಮಗಳು ತಾಯಿಯ ಬಳಿ ಉಳಿದಳು. ತಂದೆ ಅವಳನ್ನು ಬೇರೊಬ್ಬರ ಸಮ್ಮುಖದಲ್ಲಷ್ಟೇ ನೋಡಬೇಕೆಂದು ಆದೇಶವಾಯಿತು. ಕನಕಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಆ ವಾರವೆಲ್ಲ ನಿದ್ದೆ ಮಾಡಿದಳು.

ಮೊನ್ನೆ ಶಿವರುದ್ರಪ್ಪನವರು ಫೋನ್ ಮಾಡಿದ್ದರು. ದೇಶದ ಇನ್ನೊಂದು ತುದಿಯ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ನಮ್ಮವರದೇ ಒಂದು ಮನೆಯಂತೆ, ಅಲ್ಲೂ ಗಂಡ ಹೆಂಡತಿಗೆ ಹೊಡೆಯುತ್ತಾನಂತೆ, ವಿಡಿಯೋ ಕಾಲ್‌ನಲ್ಲೇ ರಾಜಿಯಂತೆ, ನಾನೂ ಕೂರಬೇಕಂತೆ. ಕೇಳಿಯೇ ಸುಸ್ತಾಯಿತು.

"ರಾಜಿಗೆ ನಾನು ಬರಲ್ಲ ಅಂಕಲ್," ಎಂದೆ. "ಆ ಹುಡುಗಿ ನಂಬರ್ ಕೊಡಿ."