ಬರಾಂವ ಬಂದು ಕೇಳಿದರ

ಸ್ಪಿರಿಟ್ ಕಾರ್ಖಾನೆಯ ಟ್ಯಾಂಕರೊಂದು ಭೋಜ ಊರಿನ ಕೆಳಗಿನ ಹಳ್ಳಕ್ಕೆ ಕರಿನೀರು ಬಿಟ್ಟು ಹೋಯಿತು. ಆ ನೀರು ಕುಡಿದು ಲಗಮವ್ವನ ಕುರಿಗಳು ಸತ್ತವು. ಹಳ್ಳದ ಕೆಳದಿಕ್ಕಿಗೆ ಅವಳ ಮೈದುನ ಮಾಳಸಿದ್ದನ ಕುರಿಗಳೂ ಸತ್ತವು. ಸತ್ತವನ್ನು ಜೆಸಿಬಿಯಿಂದ ಗುಂಡಿ ತೋಡಿ ಹೂಳಿದರು. ಜೆಸಿಬಿ ಕಾರ್ಖಾನೆಯದೇ.

ಟ್ಯಾಂಕರನ್ನು ಕಂಡವಳು ಲಗಮವ್ವ ಒಬ್ಬಳೇ. ಆಗಷ್ಟೇ ಬೆಳಕು ಹರಿದಿತ್ತು. ಜಾಲಿಗಿಡದ ಪಕ್ಕ ಟ್ಯಾಂಕರ್ ಹಿಮ್ಮುಖ ನಿಂತಿತ್ತು, ದಪ್ಪ ಪೈಪು ಹಳ್ಳಕ್ಕೆ ಇಳಿಬಿದ್ದಿತ್ತು. ಡ್ರೈವರ್ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದ. ಅವಳನ್ನು ನೋಡಿ ಒಂಚೂರೂ ಗಾಬರಿಯಾಗಲಿಲ್ಲ.

"ಏನ ಆಯಿ, ಚಹಾ ಆತೇನ?" ಅಂದ.

ಅವಳು ಅಲ್ಲಿಂದ ಹೋದದ್ದು ಮಾಳಸಿದ್ದನ ಹಟ್ಟಿಗಲ್ಲ, ಪ್ರಾರ್ಥನೆಗೆ.

ಹಟ್ಟಿಗೆ ಹೋಗುವ ದಾರಿ ಅವಳಿಗೆ ಮುಚ್ಚಿ ವರ್ಷಗಳಾಗಿದ್ದವು. ಗಂಡ ತೀರಿದ ಮೇಲೆ ಅವಳು ಏಸುವಿನ ಪ್ರಾರ್ಥನೆಗೆ ಹೋಗತೊಡಗಿದಳು. ಕುಲದೈವ ಬೀರದೇವರ ಭಂಡಾರದ ಅರಿಸಿನವನ್ನು ಹಣೆಗೆ ಹಚ್ಚಿಕೊಳ್ಳುವುದನ್ನು ಬಿಟ್ಟಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಉಣ್ಣೆ ಕತ್ತರಿಸುವ ದಿನ ಯಾರೂ ಬರಲಿಲ್ಲ, ಅಷ್ಟೇ. ಉಣ್ಣೆ ಕತ್ತರಿಸುವುದು ಒಬ್ಬರ ಕೆಲಸವಲ್ಲ. ಇಂದು ನಿನ್ನ ಕುರಿಗೆ ನಾನು, ನಾಳೆ ನನ್ನ ಕುರಿಗೆ ನೀನು, ಮುಯ್ಯಿಗೆ ಮುಯ್ಯಿ. ಭಂಡಾರ ಹಚ್ಚದವಳ ಕುರಿಗೆ ಮುಯ್ಯಿ ಇಲ್ಲ. ಬಹಿಷ್ಕಾರ ಎಂಬ ಪದವನ್ನು ಯಾರೂ ಬಾಯಿಂದ ಆಡದೆಯೇ ನಮ್ಮ ಊರುಗಳು ಮನುಷ್ಯರನ್ನು ಹೀಗೆ ಹೊರಗಿಡುತ್ತವೆ.

ಆ ವರ್ಷ ಅವಳ ಕುರಿಗಳಿಗೆ ಕತ್ತರಿ ಹಾಕಲು ಬಂದವರು ಪ್ರಾರ್ಥನೆಯ ಮಂದಿ. ಕಬ್ಬಿನ ಹೊಲದಲ್ಲಿ ದುಡಿಯುವ ಸುಂದರಾ ದರ್ಜಿಯ ಕತ್ತರಿ ತಂದಿದ್ದಳು. ಕುರಿಗಳ ಮೈತುಂಬ ಗಾಯ. "ಅಕ್ಕಾ, ನಿನ್ನ ಕುರಿಗೆ ಜಂಪರ್ ಹೊಲದಂಗ ಆತ ನೋಡ" ಎಂದು ಸುಂದರಾ ನಕ್ಕು ನಕ್ಕು ಸಾಕಾಗಿದ್ದಳು. ಲಗಮವ್ವನೂ ಅಂದು ನಕ್ಕಳು. ಗಂಡ ಹೋದ ಮೇಲೆ ಅದೇ ಮೊದಲು.

ಮರುವರ್ಷ ಅವರು ಬರಲಿಲ್ಲ. ಪಾಸ್ಟರ್ ಸಂದೇಶ ನಿಪ್ಪಾಣಿಯಿಂದ ಬೈಕಿನ ಮೇಲೆ ಬಂದು, ಕಡೇ ದಿನಗಳು ಬಂದವು, ಪ್ರಭು ಮೋಡದ ಮೇಲೆ ಬರುವ ಹೊತ್ತು ಹತ್ತಿರವಾಯಿತು ಎಂದು ಹೇಳುತ್ತಿದ್ದ. ಮಾಡುವ ಕೆಲಸಗಳು ಒಂದೊಂದೇ ನಿಂತವು. ಒಬ್ಬ ಮನೆಯ ಗೋಡೆಯನ್ನು ಅರ್ಧಕ್ಕೇ ಬಿಟ್ಟ. ಇನ್ನೊಬ್ಬ ಮಗಳನ್ನು ಕಾಲೇಜಿಗೆ ಹಚ್ಚಲಿಲ್ಲ. ಸುಂದರಾ ಕತ್ತರಿಯನ್ನು ದರ್ಜಿಗೆ ವಾಪಸ್ ಕೊಟ್ಟಳು.

"ಮ್ಯಾಲ ಹೋಗಾವರಿಗೆ ಉಣ್ಣಿ ಯಾಕ ಬೇಕ ಬೇ?" ಅಂದಳು.

ಲಗಮವ್ವ ನಂಬಿದಳು. ನಂಬದಿದ್ದರೆ ಒಬ್ಬಳೇ ಕೂತು ಕತ್ತರಿಸಬೇಕಿತ್ತು. ಬೇಸಿಗೆ ಬಂದರೂ ಕುರಿಗಳು ಉಣ್ಣೆ ಹೊತ್ತೇ ಉಳಿದವು.

ಹೀಗಾಗಿ ಟ್ಯಾಂಕರ್ ಕಂಡ ಆ ಬೆಳಗ್ಗೆ ಅವಳು ಕುರಿಗಳನ್ನು ಮುಳ್ಳಿನ ದಡ್ಡಿಯಲ್ಲೇ ಬಿಟ್ಟು ಪ್ರಾರ್ಥನೆಯ ಜಾಗಕ್ಕೆ ಓಡಿದಳು. ಅದು ಹಿಂದೆ ತಂಬಾಕು ತುಂಬಿಡುತ್ತಿದ್ದ ಹಳೆಯ ವಖಾರಿ. ತಂಬಾಕು ಹೋಗಿ ಎಷ್ಟೋ ಕಾಲವಾದರೂ ಘಾಟು ಹೋಗಿರಲಿಲ್ಲ. ಪ್ರಾರ್ಥನೆಯ ನಡುವೆ ಯಾರಾದರೂ ಸೀನುತ್ತಲೇ ಇರುತ್ತಿದ್ದರು. ಸಂದೇಶ ಅವಳ ಮಾತು ಕೇಳಿ ಎದ್ದು ನಿಂತ. ಅವನ ಕಣ್ಣು ಒದ್ದೆಯಾದವು. ಕಡೇ ದಿನಗಳಲ್ಲಿ ನೀರು ಕಹಿಯಾಗುವುದೆಂದು ಅವನು ಎಷ್ಟು ಸಲ ಸಾರಿರಲಿಲ್ಲ! ಎಲ್ಲರೂ ಹಳ್ಳಕ್ಕೆ ನಡೆದರು. ಕರಿನೀರಿನ ಮೇಲೆ ಕಂದು ನೊರೆ ತೇಲುತ್ತಿತ್ತು. ದಂಡೆಯಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, ಸ್ತೋತ್ರ ಹಾಡಿದರು. ಕೆಳಗಿನ ಹಟ್ಟಿಗೆ ಒಬ್ಬನನ್ನು ಓಡಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಬಿಸಿಲೇರಿತು. ಉಣ್ಣೆಯ ಭಾರದಲ್ಲಿ ಬೆಂದ ಕುರಿಗಳು ದಡ್ಡಿ ದೂಡಿಕೊಂಡು ದಿನದ ದಾರಿ ಹಿಡಿದು ಬಂದವು. ಲಗಮವ್ವ ಕಣ್ಣು ತೆರೆದಾಗ ಅವು ನೀರಿಗೆ ಬಾಯಿ ಹಚ್ಚಿದ್ದವು.

ಆಮೇಲೆ ಅವಳು ಮಲಗುತ್ತಿದ್ದ ಶೆಡ್ಡಿನಲ್ಲಿ ಸದ್ದೇ ಉಳಿಯಲಿಲ್ಲ. ಎಚ್ಚರವಾದಾಗ ಮೆಲುಕು ಹಾಕುವ ಸಪ್ಪಳಕ್ಕೆ ಕಿವಿ ಕೊಡುತ್ತಿದ್ದಳು. ಇರುತ್ತಿರಲಿಲ್ಲ. ಖಾಲಿ ದಡ್ಡಿಯನ್ನು ಗುಡಿಸುತ್ತಿದ್ದಳು, ಹಿಕ್ಕೆ ಇಲ್ಲದ ನೆಲವನ್ನು.

ಒಂದು ಸಂಜೆ ಮಾಳಸಿದ್ದ ಬಂದ. ಒಳಗೆ ಕಾಲಿಡಲಿಲ್ಲ. ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತ ಬಾಗಿಲಾಚೆಯೇ ನಿಂತ.

"ವೈನಿ, ಚಿಕ್ಕೋಡಿ ಆಫೀಸಿಗೆ ಅಡ್ಡಾಡಿ ಅಡ್ಡಾಡಿ ನನ್ನ ಚಪ್ಪಲಿ ಹರದಾವ. ಕಡೀಕ ಬುಧವಾರ ಸಾಹೇಬ್ರು ಪಂಚನಾಮೆಗೆ ಬರಾಕತ್ತಾರ. ಟ್ಯಾಂಕರ್ ಬಂದೇ ಇಲ್ಲ ಅಂತ ಫ್ಯಾಕ್ಟರಿಯಾವ್ರು ಅಂತಾರ. ಕಂಡಾಕಿ ನೀ ಒಬ್ಬಾಕಿ."

"ನೀರ ಕುಡ್ಯಾಕ ಕೊಡ್ಲೇನ?" ಅಂದಳು ಲಗಮವ್ವ.

"ನಿಮ್ಮ ಮನಿ ನೀರ ನಮಗ ನಡಿಯೂದಿಲ್ಲ," ಅಂದವನು ಸ್ವಲ್ಪ ತಡೆದು, "ಸಾಕ್ಷಿ ಅಷ್ಟ ನಡೀತೈತಿ" ಅಂದ.

ಅವನು ಹೋದ ಮೇಲೆ ಅವಳು ಅವನಿಗೆಂದು ತುಂಬಿದ್ದ ಚರಿಗೆಯ ನೀರನ್ನು ತಾನೇ ಕುಡಿದಳು.

ಬುಧವಾರ ವಖಾರಿಯಲ್ಲಿ ಉಪವಾಸ ಪ್ರಾರ್ಥನೆ. ಸಾಹೇಬರ ಜೀಪು ಹಳ್ಳದ ಕಡೆ ಹೋದದ್ದು ಎಲ್ಲರಿಗೂ ಕೇಳಿಸಿತು. ಸಂದೇಶ ಎದ್ದು ಬಾಗಿಲಿಗೆ ಅಗಳಿ ಹಾಕಿದ.

ಸಂದೇಶ ಕೆಟ್ಟವನಲ್ಲ. ಕಾರ್ಖಾನೆಯವರು ಅವನಿಗೆ ಒಂದು ಕಪ್ ಚಹಾ ಸಹ ಕುಡಿಸಿರಲಿಲ್ಲ. ಅವನು ನಿಜವಾಗಿ ನಂಬಿದ್ದ. ಕಷ್ಟ ಇರುವುದೇ ಇಲ್ಲಿ. ಲಂಚ ತಿಂದವನ ಮುಖಕ್ಕೆ ಉಗಿಯಬಹುದು. ಆಕಾಶ ನೋಡುತ್ತ ಕೂತವನಿಗೆ ಏನು ಮಾಡುವುದು? ಹಳ್ಳಕ್ಕೆ ವಿಷ ಬಿಡುವವರಿಗೆ ಅಂಥವನಿಗಿಂತ ಒಳ್ಳೆಯ ಕಾವಲುಗಾರ ಸಿಗುವುದಿಲ್ಲ. ಅವನಿಗೆ ಸಂಬಳವನ್ನೂ ಕೊಡಬೇಕಾಗಿಲ್ಲ.

"ಮಾವಶಿ, ಕೂಡ್ರಿ," ಅಂದ ಸಂದೇಶ, ಏಳಹೊರಟ ಲಗಮವ್ವನಿಗೆ. "ಇದು ಮನಷ್ಯಾರ ತಂಟೆ ಅಲ್ಲರಿ. ಆಗಬೇಕಾದ್ದ ಆಗಾಕತ್ತೈತಿ. ಅದಕ್ಕ ನಾವ ಅಡ್ಡ ನಿಂದರಬಾರದ್ರಿ."

"ಹಂಗಾರ ಪೈಪ್ ಬಿಟ್ಟಾಂವ ದೇವದೂತ ಏನ್ರಿ? ಅಂವ ಹಲ್ಲ ತಿಕ್ಕಾಕತ್ತಿದ್ದ."

ಹಿಂದೆ ಯಾರೋ ನಕ್ಕು, ಅದನ್ನು ಸೀನಿನಲ್ಲಿ ಮುಚ್ಚಿದರು.

"ನ್ಯಾಯಾ ಅಂವ ಬಂದ ಮಾಡ್ತಾನ್ರಿ. ಇನ್ನ ಭಾಳ ದಿನ ಇಲ್ಲ."

"ಯಾರಿಗೆ ಇಲ್ರಿ? ನಮಗಷ್ಟ ಇಲ್ಲೇನು? ಫ್ಯಾಕ್ಟರಿಯಾವ್ರು ಮುಂದಿನ ಹಂಗಾಮಕ್ಕ ಹೊಸಾ ಬಾಯ್ಲರ್ ಕುಂಡ್ರಸಾಕತ್ತಾರ. ಅವರಿಗೆ ಕಡೇ ದಿನದ ಸುದ್ದಿ ಯಾರೂ ಮುಟ್ಟಿಸಿಲ್ಲೇನ್ರಿ?"

"ಮಾವಶಿ, ನಿಮಗ ನಂಬಿಕಿ ಕಡಿಮಿ ಆಗೇತಿ."

ಲಗಮವ್ವ ಎದ್ದಳು. ಮೊಣಕಾಲು ನೋಯುತ್ತಿದ್ದವು, ಗೋಡೆ ಹಿಡಿದಳು.

"ನಂಬಿಕಿ ಐತ್ರಿ. ಐತಿ ಅಂತನ ಅಂಜಿಕಿ. ಅಂವ ಬಂದ ಮೊದಲ, ಲಗಮವ್ವಾ ಕುರಿ ಎಲ್ಲಿ ಅಂತಾನ. ಅಂವಾನೂ ಕುರಿ ಕಾಯಾಂವ ಅಂತ ನೀವ ಹೇಳೀರಿ. ಸತ್ತೂರಿ ಅಂತೇನಿ. ಕೊಂದಾಂವನ್ನ ಕಂಡಿಯೇನ ಅಂತಾನ. ಕಂಡೇನ್ರಿ ಅಂತೇನಿ. ಯಾರಿಗೆ ಹೇಳಿದಿ ಅಂತಾನ. ಆಗ ಏನ ಹೇಳ್ಲಿ? ಪಾಸ್ಟರು ಅಗಳಿ ಹಾಕಿದ್ರು ಅಂತ ಹೇಳ್ಲೇನು?"

ಅಗಳಿಯನ್ನು ಸಂದೇಶ ತೆಗೆಯಲಿಲ್ಲ. ಲಗಮವ್ವನೇ ತೆಗೆದಳು.

ಸುಂದರಾ ಹೊಸ್ತಿಲತನಕ ಬಂದು ಸೆರಗು ಹಿಡಿದಳು. "ಅಕ್ಕಾ, ನಮ್ಮನ್ನೂ ಬಿಟ್ಟರ ನಿನಗ ಯಾರ ಅದಾರ? ನಾಳೆ ನಿನ್ನ ಹೆಣಾ ಯಾರ ಎತ್ತತಾರ ಬೇ?"

"ನೀ ಮೋಡದ ಮ್ಯಾಲ ಹೋಗಾಕಿ. ನನ್ನ ಹೆಣದ ಚಿಂತಿ ನಿನಗ್ಯಾಕ?"

ತಮಾಷೆಗೆ ಅಂದದ್ದು. ಸುಂದರಾ ಸೆರಗು ಬಿಟ್ಟಳು. ಬಿಡದೇ ಇದ್ದಿದ್ದರೆ, ಜೊತೆಗೆ ನಾಲ್ಕು ಹೆಜ್ಜೆ ಬಂದಿದ್ದರೆ ಎಂದು ಲಗಮವ್ವನಿಗೆ ಕಬ್ಬಿನ ಬದುವಿನುದ್ದಕ್ಕೂ ಅನ್ನಿಸಿತು. ಒಮ್ಮೆ ತಿರುಗಿ ನೋಡಿದಳು. ವಖಾರಿಯ ಬಾಗಿಲು ಮತ್ತೆ ಹಾಕಿತ್ತು.

ಜಾಲಿಗಿಡದ ನೆರಳಿನಲ್ಲಿ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾರ್ಖಾನೆಯ ಮನುಷ್ಯ ಬಿಳಿ ಬೂಟಿಗೆ ಕೆಸರು ತಾಗದಂತೆ ದೂರ ನಿಂತಿದ್ದ. ಈ ಕಡೆ ಮಾಳಸಿದ್ದ ಮತ್ತು ಹಟ್ಟಿಯ ಹಿರಿಯರು, ಎಲ್ಲರ ಹಣೆಯಲ್ಲಿ ಹಳದಿ ಭಂಡಾರ.

"ಇಕಿನೇ ಏನು?" ಅಂದರು ಸಾಹೇಬರು. "ಹೇಳವ್ವ, ಏನ ಕಂಡಿ?"

ಲಗಮವ್ವ ಬಾಯಿ ತೆರೆಯುವಷ್ಟರಲ್ಲಿ ಮಾಳಸಿದ್ದ ಅಡ್ಡ ಬಂದ. ಅವನ ಕೈಯಲ್ಲಿ ಭಂಡಾರದ ಚೀಲ.

"ತಡೀರಿ ಸಾಹೇಬ್ರ. ನಮ್ಮ ಮಂದ್ಯಾಗ ಭಂಡಾರ ಹಚ್ಚಗೊಂಡ ಹೇಳಿದ್ದ ಖರೆ. ಹಚ್ಚದ ಹೇಳಿದ್ದಕ್ಕ ಕಿಮ್ಮತ್ತಿಲ್ಲ." ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ವೈನಿ, ಒಂದ ಚಿಟಿಕಿ. ಹಚ್ಚಗೋ, ಮುಗೀತ. ನಾಳಿಂದ ಹಟ್ಟಿಗೆ ಬಾ. ಎಲ್ಲಾರೂ ಕೂಡಿ ಒಂದೊಂದ ಮರಿ ಕೊಡ್ತೀವಿ. ಉಣ್ಣಿ ಕತ್ತರಸಾಕೂ ಬರ್ತೀವಿ."

ಹಿರಿಯರು ತಲೆಯಾಡಿಸಿದರು. ಅವರಲ್ಲೊಬ್ಬ ಮುದುಕ ಅವಳ ಮದುವೆಯಲ್ಲಿ ಡೊಳ್ಳು ಬಾರಿಸಿದವನು. "ಬಾ ಮಗಳ" ಅಂದ.

ಯಾರಾದರೂ ಅವಳನ್ನು ಹಾಗೆ ಕರೆದು ಎಷ್ಟು ಕಾಲವಾಗಿತ್ತು. ಲಗಮವ್ವ ಮೈದುನನ ಬೆರಳ ತುದಿಯ ಹಳದಿಯನ್ನು ನೋಡಿದಳು. ಗಂಡನ ಹಣೆ ನೆನಪಾಯಿತು. ಖಾಲಿ ದಡ್ಡಿ ನೆನಪಾಯಿತು.

"ಅಯ್ಯ, ಇದನ್ನ ನಿಮ್ಮ ನಿಮ್ಮೊಳಗ ಆಮ್ಯಾಲ ಮಾಡ್ಕೋರಿ," ಅಂದ ಕಾರ್ಖಾನೆಯವನು ನಗುತ್ತ. "ಆಯಿ, ನೀ ಮನಿಗೆ ಹೋಗ. ಬಿಸಲ ಐತಿ."

ಮಾಳಸಿದ್ದ ಕೈಯನ್ನು ಇನ್ನೂ ಹತ್ತಿರ ತಂದ. "ಹಚ್ಚಗೋ ವೈನಿ. ಹಚ್ಚಗೊಂಡ ಮಾತಾಡ."

ಲಗಮವ್ವ ಅವನ ಮುಂಗೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಹಚ್ಚಗೊಳ್ಳಂಗಿಲ್ಲೋ ಮಾಳಸಿದ್ದ," ಅಂದಳು. ಆಮೇಲೆ ಸಾಹೇಬರ ಕಡೆ ತಿರುಗಿ, "ಮನಿಗೂ ಹೋಗಂಗಿಲ್ರಿ. ಟ್ಯಾಂಕರ್ ಇಲ್ಲೇ ನಿಂತಿತ್ತ. ಬರಕೊಳ್ರಿ."