ಜಿಯೋನೆಯ ಮಾತ್ರೆ ನಿಲ್ಲಬಾರದು

ಎರಡು ವರ್ಷ ಜೈಲಿನಲ್ಲಿದ್ದು ಜಿಯೋನೆ ಚಿಲ್ವಾ ಸರೋವರದ ದಂಡೆಯ ತನ್ನ ಊರಿಗೆ ಬಂದು ಐದು ದಿನವಾಗಿತ್ತು. ಅವಳು ಕೊಡ ಹಿಡಿದು ಬೋರಿನ ಹತ್ತಿರ ಹೋದರೆ ಸಾಕು, ಹೆಂಗಸರು ಮಾತು ನಿಲ್ಲಿಸಿ ಸರಿದು ನಿಲ್ಲುತ್ತಿದ್ದರು. ಅಕ್ಕ ಎನಿಫಾ ಕೂಡ ಅವಳಿಗೆಂದು ಬೇರೆ ತಟ್ಟೆ ಇಟ್ಟಿದ್ದಳು. ತಂಗಿಗೆ ಕ್ಷಯ, ಮನೆಯಲ್ಲಿ ಚಿಕ್ಕ ಮಕ್ಕಳು. ಅವಳ ಭಯ ಅವಳಿಗೆ.

ಅಂದು ಎನಿಫಾ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಾಗ ಆರೋಗ್ಯ ಕಾರ್ಯಕರ್ತೆ ತಿಯಾಮಿಕೆ ಸೈಕಲ್ ಇಳಿದಳು.

"ಏನಮ್ಮ ಎನಿಫಾ, ನಿನ್ನ ತಂಗೀನ ಬೋರಿನ ಹತ್ರ ನೋಡ್ದೆ. ಮಾತ್ರೆ ನುಂಗ್ತಿದಾಳಾ?"

"ನುಂಗ್ತಾಳೆ. ಜೈಲಿನವರು ಕೊಟ್ಟಿದ್ದು ಇನ್ನೆರಡು ದಿನಕ್ಕಿದೆ, ಅಷ್ಟೆ. ಮೂರು ತಿಂಗಳಾಯ್ತು, ಕೆಮ್ಮೂ ನಿಂತಿದೆ. ಸಾಕು ಬಿಡಿ."

"ನಮ್ಮ ಆಸ್ಪತ್ರೆಗೆ ಕೊಡೋಕೆ ಚೀಟಿ ಕೊಟ್ಟಿಲ್ವಾ?"

ಎನಿಫಾ ದನಿ ತಗ್ಗಿಸಿದಳು. "ಕೊಟ್ಟಿದಾರೆ. ಅದರ ಮೇಲೆ ಇಷ್ಟು ದೊಡ್ಡ ಜೈಲಿನ ಮೊಹರು! ಹಿಡ್ಕೊಂಡು ಸಾಲಲ್ಲಿ ನಿಂತ್ರೆ ಊರೆಲ್ಲ ನೋಡಲ್ವಾ? ನಾನೇ ಹೋಗ್ಬೇಡ ಅಂದೆ."

"ಎಂಥ ಕೆಲಸ ಮಾಡಿದೆ! ಅದು ಆರು ತಿಂಗಳ ಮದ್ದು. ಅರ್ಧಕ್ಕೆ ಬಿಟ್ರೆ ಕಾಯಿಲೆ ತಿರುಗಿ ಬರುತ್ತೆ, ಆಮೇಲೆ ಈ ಮಾತ್ರೆಗೂ ಜಗ್ಗದೇ ಹೋಗಬಹುದು. ಈಗ ತಪ್ಪದೆ ನುಂಗ್ತಿರೋದಕ್ಕೇ ನಿನ್ನ ಮಕ್ಕಳಿಗೆ ಭಯ ಇಲ್ಲ. ತಟ್ಟೆಯಿಂದ ಅಂಟೋ ರೋಗಾನೂ ಅಲ್ಲ ಇದು."

"ಗಂಡನ ತಲೆ ಒಡೆದು ಒಳಗೆ ಹೋದವಳು. ಯಾರ ಮುಂದೆ ಏನಂತ ಹೇಳ್ಲಿ?"

"ಅವಳ ಎಡಗೈ ನೆಟ್ಟಗಾಗಲ್ಲ. ಅದು ಜೈಲಲ್ಲಾಗಿದ್ದಾ?"

ಎನಿಫಾಳಿಗೆ ಗೊತ್ತಿತ್ತು. ಆ ಕೈ ಮುರಿದದ್ದು ತಂಗಿಯ ಗಂಡ. ಆಗ ಜಿಯೋನೆ ಓಡಿ ಬಂದದ್ದು ಇದೇ ಅಂಗಳಕ್ಕೆ. ಎರಡು ಸಲ ಬಂದಿದ್ದಳು. ಹೊಂದಿಕೊಂಡು ಹೋಗು ಎಂದು ಎರಡು ಸಲವೂ ಎನಿಫಾಳೇ ವಾಪಸ್ ಕಳಿಸಿದ್ದಳು. ಮೂರನೆಯ ಸಲ ಅವನು ಹೊಡೆದಾಗ ತಂಗಿ ಬರಲಿಲ್ಲ. ಅವಳ ಕೈಗೆ ಒನಕೆ ಸಿಕ್ಕಿತ್ತು.

ಜಿಯೋನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಕೈಗೆ ಏನಾಯ್ತು ಅಂತ ಜೈಲಲ್ಲಿ ಒಬ್ಬರು ನರ್ಸಮ್ಮ ಕೇಳಿದ್ರು ಅಕ್ಕಾ. ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ."

ಎನಿಫಾ ಕೈ ತೊಳೆದುಕೊಂಡಳು.

"ಚೀಟಿ ತಗೊಂಡ್ ಬಾ. ಹೋಗೋಣ."

"ಜನ ನೋಡ್ತಾರೆ."

"ನೋಡ್ಲಿ. ಜೊತೆಗೆ ನನ್ನನ್ನೂ ನೋಡ್ಲಿ."

ಆಸ್ಪತ್ರೆಯ ಸಾಲಿನಲ್ಲಿ ಒಬ್ಬಳು, "ಇವಳೂ ಬಂದ್ಲಾ ಇಲ್ಲಿಗೆ?" ಎಂದು ಗೊಣಗಿದಳು. ಎನಿಫಾ ತಿರುಗಿದಳು. "ನನ್ನ ತಂಗಿ ಕಣಮ್ಮ. ಮದ್ದಿಗೆ ಬಂದಿದಾಳೆ, ನಿನ್ನ ಹಾಗೇ."

ಅಂದು ಒಂದು ತಿಂಗಳ ಮಾತ್ರೆ ಸಿಕ್ಕಿತು. ಕೈ ತೋರಿಸಲು ಮುಂದಿನ ವಾರ ಬರಹೇಳಿದರು. ಆರು ತಿಂಗಳು ತುಂಬಿದ ಮೇಲೆ ಕಫ ಪರೀಕ್ಷೆ ಮಾಡಿದರು. ಜಿಯೋನೆಗೆ ಕ್ಷಯ ಪೂರ್ತಿ ವಾಸಿಯಾಗಿತ್ತು.

ಅಕ್ಕತಂಗಿಯರೇ, ಜೈಲಿನಿಂದ ಒಬ್ಬ ಹೆಣ್ಣುಮಗಳು ನಿಮ್ಮ ಊರಿಗೆ ಬಂದರೆ ಅವಳ ಜೊತೆ ಆಸ್ಪತ್ರೆಗೆ ಹೋಗಿ. ಮದ್ದು ನಡುವೆ ನಿಲ್ಲದಂತೆ ನೋಡಿಕೊಳ್ಳಿ. ಅವಳು ಏನು ಮಾಡಿದಳೆಂದು ಊರಿಗೆಲ್ಲ ಗೊತ್ತಿದೆ. ಅವಳಿಗೆ ಏನಾಗಿತ್ತೆಂದು ನೀವು ಕೇಳಿ. ಇಂದು ಹೊಡೆತ ತಿನ್ನುತ್ತಿರುವವಳು ನಿಮ್ಮ ಬಾಗಿಲಿಗೆ ಬಂದರೆ, ಅವಳನ್ನು ವಾಪಸ್ ಕಳಿಸಬೇಡಿ.