ಮೌಲಾಬಿಯ ಸಹಿ ಬಿದ್ದ ಬೆಳ್ಳಿ ನಾಣ್ಯ

ಹುಬ್ಬಳ್ಳಿಯ ಬೆಂಗೇರಿಯ ಯಾಸ್ಮಿನಳಿಗೆ ತನ್ನ ಹೆಸರಿನ ಮೇಲೆಯೇ ಬೇಸರ ಬಂದದ್ದು ಅದೇ ಮೊದಲು. ಬೆಳಗ್ಗೆಯಿಂದ ಅದನ್ನೇ ಬರೆದೂ ಬರೆದೂ, ಅದು ಹೆಸರೋ ಬರೀ ಗೀಟೋ ತಿಳಿಯದಂತಾಗಿತ್ತು.

ರಾಷ್ಟ್ರೀಯ ಖೋಖೋ ಪಂದ್ಯಾವಳಿಯ ಫೈನಲ್‌ನಲ್ಲಿ ಅವಳು ರಾಜ್ಯ ತಂಡದ ನಾಯಕಿ. ಕೊನೆಯ ಸೀಟಿ ಊದುವವರೆಗೂ ಒಬ್ಬಳೇ ಓಡಿ, ಬಗ್ಗಿ, ತಿರುಗಿ, ಯಾರ ಕೈಗೂ ಸಿಗದೆ ಪಂದ್ಯ ಗೆಲ್ಲಿಸಿದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿತ್ತು. ಆ ಗೆಲುವಿನ ನೆನಪಿಗೆ ಮುಂಬಯಿಯ ಒಂದು ಕಂಪನಿ ಬೆಳ್ಳಿಯ ನಾಣ್ಯ ಹೊರಡಿಸಿತು. ಒಂದು ಮುಖದಲ್ಲಿ ಖೋಖೋ ಕಂಬ, ಅದರ ಪಕ್ಕ ಬಗ್ಗಿ ತಪ್ಪಿಸಿಕೊಳ್ಳುತ್ತಿರುವ ಒಬ್ಬ ಹುಡುಗಿ. ಹೊಸ ಅಚ್ಚಿನಿಂದ ಮೊದಲು ಬಿದ್ದ ನಾಣ್ಯಗಳಲ್ಲಿ ಗೆರೆಗಳು ಚೂಪಾಗಿದ್ದು, ಮೈ ಕನ್ನಡಿಯಂತೆ ಹೊಳೆಯುತ್ತದೆ. ಸಂಗ್ರಹಕಾರರು ಪ್ರಾಣ ಬಿಡುವುದು ಅವಕ್ಕೇ. ಆ ನಾಣ್ಯಗಳನ್ನು ಮಾತ್ರ ತೆರೆಯಲಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಜೊತೆಗೆ ಯಾಸ್ಮಿನಳ ಸಹಿ ಇರುವ ಚೀಟಿ ಸೇರಿಸಿ ಮುಚ್ಚುವುದೆಂದು ಕಂಪನಿಯ ಐಶ್ವರ್ಯಾ ಫೋನಿನಲ್ಲಿ ವಿವರಿಸಿದ್ದಳು. ಒಂದು ರಟ್ಟಿನ ಪೆಟ್ಟಿಗೆಯ ತುಂಬ ಖಾಲಿ ಚೀಟಿಗಳು ಬಂದಿದ್ದವು.

ಚಹಾ ತಂದ ತಾಯಿ ಮೌಲಾಬಿ ಒಂದು ಚೀಟಿಯನ್ನೆತ್ತಿ ಕಣ್ಣಿನ ಹತ್ತಿರ ಹಿಡಿದಳು.

“ಇದೇನು ಸಹಿ ಮಾಡೀದಿ? ಕೋಳಿ ಕೆದರಿದಂಗ ಐತಿ. ಇದರಾಗ ಯಾಸ್ಮಿನ ಎಲ್ಲಿ ಅದಾಳ, ತೋರಸು.”

“ಸಹಿ ಅಂದ್ರ ಹಂಗ ಇರ್ತೈತಿ ಅಮ್ಮೀ.”

“ಹೆಸರು ಅಂದಮ್ಯಾಲ ಓದಾಕ ಬರಬೇಕು. ಕೊಡ ಇಲ್ಲೆ ಆ ಪೆನ್ನು.”

ಮೌಲಾಬಿ ಖಾಲಿ ಚೀಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿ ಕಚ್ಚಿ, ಪಾಟಿಯ ಮೇಲೆ ತಿದ್ದುವ ಹಾಗೆ ದುಂಡಗೆ ‘ಮೌಲಾಬಿ’ ಎಂದು ಬರೆದಳು. ಮುಂದೆ ಒಂದು ಚುಕ್ಕೆಯನ್ನೂ ಇಟ್ಟಳು. ಯಾಸ್ಮಿನ ನಕ್ಕ ರಭಸಕ್ಕೆ ಚಹಾ ಚೆಲ್ಲಿತು. ಚೀಟಿಗಳು ತೋಯ್ದಾವೆಂದು ತಾಯಿ ಮಗಳು ಇಬ್ಬರೂ ಗಡಿಬಿಡಿಯಲ್ಲಿ ಎಲ್ಲವನ್ನೂ ಬಾಚಿ ಪೆಟ್ಟಿಗೆಗೆ ತುಂಬಿದರು. ಉಳಿದ ಸಹಿ ಮುಗಿಸುವಷ್ಟರಲ್ಲಿ ಕೊರಿಯರ್‌ನವನು ಬಂದ, ಪೆಟ್ಟಿಗೆ ಹೋಯಿತು. ತಾಯಿಯ ಚೀಟಿಯನ್ನು ತೆಗೆದಿಡಬೇಕಿತ್ತೆಂಬುದು ಯಾಸ್ಮಿನಳಿಗೆ ನೆನಪೇ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಮನೆಯ ಮುಂದೆ ಸ್ಕೂಟರ್ ನಿಂತಿತು. ಇಳಿದವರು ಧಾರವಾಡದ ಸಪ್ತಾಪುರದ ನೀಲಕಂಠಪ್ಪ, ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರಸ್ಥರು. ಅವರ ಹಿಂದೆ ಸೆರಗು ಸರಿಪಡಿಸಿಕೊಳ್ಳುತ್ತ ಹೆಂಡತಿ ಶಿವಲಿಂಗವ್ವ.

“ನಮ್ಮವರು ಜಗಳ ಆಡಾಕ ಬಂದಾರ್ರಿ,” ಎಂದಳು ಶಿವಲಿಂಗವ್ವ, ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ. “ಜಾಸ್ತಿ ಆಗಬಾರದು ಅಂತ ನಾನೂ ಬಂದೇನಿ.”

ನೀಲಕಂಠಪ್ಪ ಕೂರಲೂ ಇಲ್ಲ. ಮೆತ್ತನೆಯ ಬಟ್ಟೆಯ ಚೀಲದಿಂದ ಡಬ್ಬಿಯೊಂದನ್ನು ತೆಗೆದು ಹಿಡಿದರು. “ನಾನು ಸಣ್ಣವ ಇದ್ದಾಗಿಂದ ನಾಣ್ಯ ಕೂಡಿಹಾಕಾಕತ್ತೇನಿ. ಇಂಥಾದ್ದು ನೋಡಿಲ್ಲ. ಈ ಮೌಲಾಬಿ ಅಂದ್ರ ಯಾರ್ರಿ? ನಿಮ್ಮ ತಂಡದಾಗ ಈ ಹೆಸರಿನವರು ಒಬ್ಬರೂ ಇಲ್ಲ. ಎಲ್ಲಾ ಹುಡುಕೇನಿ!”

ಯಾಸ್ಮಿನಳಿಗೆ ತಾಯಿಯ ಚೀಟಿ ಆಗ ನೆನಪಾಯಿತು. ಪ್ರತಿ ಚೀಟಿಗೂ ಸ್ವಂತ ಕೈಯಿಂದಲೇ ಸಹಿ ಮಾಡುತ್ತೇನೆಂದು ಕಂಪನಿಗೆ ಒಪ್ಪಿದ್ದವಳು ಅವಳು. ಅವಳು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು.

“ಮೌಲಾಬಿ ನಾನs. ಏನಾಗೇತಿ?”

ಕೈ ಒರೆಸಿಕೊಳ್ಳುತ್ತ ಬಂದ ಮೌಲಾಬಿ ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡೇಬಿಟ್ಟಳು. ತನ್ನ ಅಕ್ಷರ ಕಂಡು ಮೊದಲು ಮುಖ ಅರಳಿತು. ಆಮೇಲೆ ನಾಣ್ಯದ ಮೇಲಿನ ಹುಡುಗಿಯನ್ನು ಬಹಳ ಹೊತ್ತು ನೋಡಿದಳು.

“ಅಣ್ಣಾರ, ಹಿಂಗ ಬಗ್ಗೂದು ಹೇಳಿಕೊಟ್ಟಾಕಿ ಯಾರು ಗೊತ್ತೇನು? ಇಕಿ ಸಣ್ಣಾಕಿದ್ದಾಗ ಓಣ್ಯಾಗ ಇಕಿ ಜೋಡಿ ಆಡಾಕ ಯಾರೂ ತಮ್ಮ ಹುಡಿಗ್ಯಾರನ್ನ ಕಳಸತಿರಲಿಲ್ಲ. ಒಬ್ಬಾಕಿನ ಹ್ಯಾಂಗ ಖೋಖೋ ಆಡ್ತಾಳ? ಸಂಜಿಮುಂದ ಬುರ್ಖಾ ಎತ್ತಿ ಸೊಂಟಕ್ಕ ಕಟ್ಟಿ ನಾನs ಬೆನ್ನ ಹತ್ತತಿದ್ದೆ. ಹಿತ್ತಲದಾಗ ಎರಡು ಕಂಬ ಹುಗಿಸಿದ್ವಿ.”

“ಸಿಗತಿದ್ದಳೇನ್ರಿ?” ಎಂದಳು ಶಿವಲಿಂಗವ್ವ. ಅವಳು ಆಗಲೇ ಕೆಳಗೆ ಚಾಪೆಯ ಮೇಲೆ ಕೂತಾಗಿತ್ತು.

“ಮೊದಲ ಸಿಗತಿದ್ದಳು. ಒಂದು ದಿನ ಎಷ್ಟು ಓಡಿದ್ರೂ ಕೈಗೆ ಬರಲಿಲ್ಲ. ಉಸಿರು ಹತ್ತಿ ಅಲ್ಲೇ ಕುಂತೆ. ಓಣಿಯವರು ಏನರ ಅನ್ನಲಿ, ಇಕಿನ್ನ ಮೈದಾನಕ್ಕ ಕಳಸಬೇಕು ಅಂತ ಅವತ್ತs ನಿಶ್ಚೆ ಮಾಡಿದೆ.”

ಇದನ್ನು ಯಾಸ್ಮಿನ ಯಾವತ್ತೂ ಕೇಳಿರಲಿಲ್ಲ. ಆ ದಿನ ಅವಳಿಗೆ ನೆನಪಿತ್ತು. ಅಮ್ಮ ಸುಸ್ತಾಗಿ ಸುಮ್ಮನೆ ಆಟ ಬಿಟ್ಟಳೆಂದೇ ಅವಳು ತಿಳಿದಿದ್ದಳು. ಅವಳು ನೀಲಕಂಠಪ್ಪನವರತ್ತ ತಿರುಗಿ, “ಕಾಕಾರ, ತಪ್ಪು ನಂದು. ಇದನ್ನ ಕೊಡ್ರಿ. ಕಂಪನಿಯವರಿಗೆ ಹೇಳಿ ನನ್ನ ಸಹಿ ಇರೋದನ್ನ ತರಸಿ ಕೊಡ್ತೇನಿ,” ಎಂದಳು.

ನೀಲಕಂಠಪ್ಪ ಮೌಲಾಬಿಯ ಕೈಯಿಂದ ಡಬ್ಬಿಯನ್ನು ಲಗುಬಗೆಯಿಂದ ತೆಗೆದುಕೊಂಡು ಚೀಲದೊಳಗೆ ತುರುಕಿದರು.

“ಯಾತರ ಕೊಡೂದು ತಂಗಿ? ಅಚ್ಚು ಜರಗಿ ವಾರಿಯಾಗಿ ತಪ್ಪು ಬಿದ್ದ ನಾಣ್ಯ ಸಿಕ್ಕರ ನಾವು ಹೋಳಿಗಿ ಮಾಡಿ ಉಣ್ಣೂ ಮಂದಿ. ನಿನ್ನ ಸಹಿದು ಎಲ್ಲಾರ ಕಡೆ ಐತಿ. ಇದು ನನ್ನ ಕಡೆ ಒಂದs!”

“ಮತ್ತ ಜಗಳ?” ಎಂದಳು ಶಿವಲಿಂಗವ್ವ.

“ಚಹಾ ಕುಡದು ನೋಡೂಣಂತ,” ಎಂದು ಅವರು ಕೊನೆಗೂ ಕುರ್ಚಿಯಲ್ಲಿ ಕೂತರು.

ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಖುಷಿ ತಡೆಯಲಾರದೆ ನೀಲಕಂಠಪ್ಪ ಅದರ ಫೋಟೋವನ್ನು ನಾಣ್ಯಪ್ರೇಮಿಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ಮರುದಿನವೇ ಐಶ್ವರ್ಯಾಳ ಫೋನ್ ಬಂತು. ಅವಳು ಮೂಲತಃ ಬೆಳಗಾವಿ ಕಡೆಯವಳು. ಯಾವಾಗಲೂ ನಗುತ್ತ ಮಾತಾಡುತ್ತಿದ್ದವಳ ದನಿ ಅಂದು ಬಿಗಿಯಾಗಿತ್ತು.

“ಮೇಡಂ, ಮ್ಯಾಲಿನವರು ಭಾಳ ಸಿಟ್ಟಾಗ್ಯಾರ. ಆ ಒಂದು ಚೀಟಿ ಖೊಟ್ಟಿ ಅಂತ ನೀವು ಬರದುಕೊಟ್ಟುಬಿಡ್ರಿ. ಯಾರೋ ಬೇಕಂತ ಮಾಡ್ಯಾರ ಅಂತ ಹೇಳ್ತೇವಿ. ಇಲ್ಲಾಂದ್ರ ಉಳಿದ ಸಹಿಗಳ ಮ್ಯಾಲೂ ಮಂದಿಗೆ ಸಂಶೆ ಬರ್ತೈತಿ.”

ಯಾಸ್ಮಿನ ಕಿಟಕಿಯಿಂದ ಹಿತ್ತಲು ನೋಡಿದಳು. ಮೌಲಾಬಿ ಬಿಸಿಲಿಗೆ ಮೆಣಸಿನಕಾಯಿ ಹರವುತ್ತ ಏನೋ ಗುನುಗುತ್ತಿದ್ದಳು. ಒಂದು ಸಾಲು ಬರೆದುಕೊಟ್ಟರೆ ಕಂಪನಿ ಸುಮ್ಮನಾಗುತ್ತದೆ, ತನ್ನ ಹೆಸರಿಗೂ ಕುಂದಿಲ್ಲ. ಆದರೆ ಆ ಒಂದು ಸಾಲು ಅಮ್ಮನ ಹೆಸರಿನ ಮೇಲೆ ಬೀಳುತ್ತದೆ.

“ಖೊಟ್ಟಿ ಅಂತ ನಾ ಬರಿಯೂದಿಲ್ಲ ಐಶ್ವರ್ಯಾ. ಅದು ಖರೇ ಸಹಿ, ನಮ್ಮ ಅಮ್ಮೀದು. ಹ್ಯಾಂಗ ಆತು ಅಂತ ನಾನs ಎಲ್ಲಾರಿಗೂ ಹೇಳ್ತೇನಿ. ಬೈದರ ನನಗ ಬೈಲಿ.”

ಅಂದೇ ಸಂಜೆ ಅವಳು ಮೊಬೈಲನ್ನು ಹಿತ್ತಲಿನ ಕಂಬಕ್ಕೆ ಆನಿಸಿಟ್ಟು, ಚಹಾ ಚೆಲ್ಲಿದ್ದರಿಂದ ಹಿಡಿದು ನಡೆದದ್ದೆಲ್ಲವನ್ನೂ ಹೇಳಿದಳು. ಉಳಿದ ಸಹಿಗಳೆಲ್ಲ ತನ್ನವೇ ಎಂದೂ, ಅಮ್ಮನ ಹೆಸರು ಹೇಗೆ ಬಂತೆಂದೂ, ಅಮ್ಮ ಯಾರೆಂದೂ ಹೇಳಿದಳು. ಆ ವಿಡಿಯೋ ಗುಂಪಿನಿಂದ ಗುಂಪಿಗೆ ಹೋಯಿತು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ಕೂತಿದ್ದವಳಿಗೆ ಬಂದದ್ದು ಬೇರೆಯೇ. ನಾಸಿಕ, ಸೊಲ್ಲಾಪುರ, ಬಳ್ಳಾರಿ, ಎಲ್ಲೆಲ್ಲಿಯದೋ ಸಂಗ್ರಹಕಾರರು ತಮ್ಮ ತಮ್ಮ ಡಬ್ಬಿ ಹೊರಳಿಸಿ ನೋಡಿ, ‘ನಮಗ್ಯಾಕೆ ಮೌಲಾಬಿ ಸಿಗಲಿಲ್ಲ’ ಎಂದು ಕಂಪನಿಗೆ ಗಂಟುಬಿದ್ದರು.

ವಾರ ಕಳೆಯುವುದರೊಳಗೆ ಐಶ್ವರ್ಯಾ ಮತ್ತೆ ಫೋನ್ ಮಾಡಿದಳು. ಈ ಸಲ ನಗು ತಡೆಯಲಾಗುತ್ತಿರಲಿಲ್ಲ. ಹೊಸ ಅಚ್ಚು ಹಾಕಿ ಇನ್ನೊಂದು ಸಣ್ಣ ಕಂತು ಹೊರಡಿಸುತ್ತಾರಂತೆ. ಚೀಟಿಯಲ್ಲಿ ತಾಯಿ ಮಗಳು ಇಬ್ಬರ ಸಹಿಯೂ ಬೇಕಂತೆ.

ಮೌಲಾಬಿ ಒಪ್ಪಿದಳು. ಆದರೆ ಒಂದು ಕರಾರು ಹಾಕಿದಳು. “ಡಬ್ಬ್ಯಾಗಿಂದು ಬರೇ ನೋಡಾಕ ಬರ್ತೈತಿ. ಒಂದು ನಾಣ್ಯ ಬಿಚ್ಚಿದ್ದು ಕೊಡ್ರಿ. ಮುಟ್ಟಬೇಕು ನಾ.”

ಆ ಕಂತು ಬಿಡುಗಡೆಯಾದದ್ದು ಧಾರವಾಡದ ನಾಣ್ಯ ಪ್ರದರ್ಶನದಲ್ಲಿ. ಐಶ್ವರ್ಯಾ ಮುಂಬಯಿಯಿಂದ ತಾನೇ ಬಂದು, ಈಗಷ್ಟೇ ಅಚ್ಚಿನಿಂದ ಬಿದ್ದಂತೆ ಥಳಥಳಿಸುವ ನಾಣ್ಯವೊಂದನ್ನು ಮೌಲಾಬಿಯ ಅಂಗೈಯಲ್ಲಿಟ್ಟಳು. ಮೌಲಾಬಿ ಹೆಬ್ಬೆರಳಿನಿಂದ ಕಂಬ, ಹುಡುಗಿ, ಅಂಚು ಎಲ್ಲವನ್ನೂ ಸವರಿದಳು. ಬೆರಳಚ್ಚು ಬಿದ್ದರೆ ಬೆಳ್ಳಿಯ ಹೊಳಪು ಹೋಗುತ್ತದೆಂದು ಬಲ್ಲ, ನಾಣ್ಯ ಮುಟ್ಟಲು ಕೈಗವಸು ಹಾಕಿಕೊಂಡೇ ಬಂದಿದ್ದ ನೀಲಕಂಠಪ್ಪ ಕಣ್ಣು ಮುಚ್ಚಿಕೊಂಡರು.

“ಮೂಗು ಇಕಿದಲ್ಲ,” ಎಂದು ತೀರ್ಪು ಕೊಟ್ಟು, ಮೌಲಾಬಿ ನಾಣ್ಯವನ್ನು ಶಿವಲಿಂಗವ್ವಳಿಗೆ ಕೊಟ್ಟಳು.

“ಹೌದ್ರೀ ಅಕ್ಕಾ, ಇಕಿ ಮೂಗು ಛಂದ ಐತಿ,” ಎಂದು ಶಿವಲಿಂಗವ್ವ ತಾನೂ ಸವರಿ ಪಕ್ಕದವರಿಗೆ ದಾಟಿಸಿದಳು. ಕಾಲೇಜು ಹುಡುಗಿಯರು, ಹಿಂದಿನ ಸಾಲಿನ ಮೇಷ್ಟ್ರು, ಬಾಗಿಲಲ್ಲಿ ನಿಂತ ಕಾವಲುಗಾರ, ಎಲ್ಲರ ಕೈಗೂ ಅದು ಹೋಯಿತು. ಕೊನೆಗೆ ತಮ್ಮ ಹತ್ತಿರ ಬಂದಾಗ ನೀಲಕಂಠಪ್ಪ ಒಂದು ಗಳಿಗೆ ಹಿಂಜರಿದರು. ಆಮೇಲೆ ಕೈಗವಸು ಕಳಚಿ ಬರಿಗೈ ಚಾಚಿದರು.

“ಬೆಚ್ಚಗ ಐತಿ,” ಎಂದರು ಮೆಲ್ಲಗೆ, ಅದನ್ನು ಯಾಸ್ಮಿನಳ ಕೈಗಿಡುತ್ತ.